ತಪ್ಪಿದ ದಿನಗಳ ಲೆಕ್ಕ

"ಒಂದು ದಿನ ಶಾಲೆಗೆ ಹೋಗದಿದ್ದರೆ ಏನಾಯಿತು?" ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಮನೆಗಳಲ್ಲಿ ಈ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಮಳೆಗಾಲದ ಜ್ವರ, ನೆಂಟರ ಮದುವೆ, ದೈವದ ನೇಮ, ತೋಟದಲ್ಲಿ ಅಡಿಕೆಯ ಕೆಲಸ. ಒಂದೊಂದು ಕಾರಣವೂ ನಿಜವೇ. ಆದರೆ ಅವನ್ನೆಲ್ಲ ಕೂಡಿಸಿ ನೋಡುವವರು ಕಡಿಮೆ.

ಕೂಡಿಸಿ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ನಡೆಯಬೇಕು. ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳು. ತಿಂಗಳಿಗೆ ಎರಡೇ ದಿನ ತಪ್ಪಿದರೂ ವರ್ಷಕ್ಕೆ 20 ದಿನವಾಯಿತು. ಐದನೆಯ ತರಗತಿ ಮುಗಿಯುವಾಗ 100 ದಿನ, ಅಂದರೆ ಅರ್ಧ ವರ್ಷದ ಶಾಲೆಯೇ ಮಗುವಿನ ಕೈತಪ್ಪಿರುತ್ತದೆ.

ಒಂದು ಲೆಕ್ಕ, ಒಂದು ಭಾಷೆ

ಭಿನ್ನರಾಶಿ ಕೂಡಿಸುವಾಗ ಛೇದ ಸಮ ಮಾಡಬೇಕೆಂದು ಮಾಷ್ಟ್ರು ಹೇಳಿಕೊಟ್ಟ ದಿನ ಮಗು ಬಂದಿರಲಿಲ್ಲ ಎನ್ನಿ. ಮರುದಿನ ಬೋರ್ಡಿನಲ್ಲಿ 1/2 + 1/3 ಇದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಮಗು 2/5 ಎಂದು ಬರೆಯುತ್ತದೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಉತ್ತರ ಅರ್ಧಕ್ಕಿಂತ ಕಡಿಮೆ ಬಂತಲ್ಲ ಎಂಬುದು ಅದಕ್ಕೆ ಹೊಳೆಯುವುದಿಲ್ಲ. ಮುಂದಿನ ಶೇಕಡಾ, ಬಡ್ಡಿ, ಬೀಜಗಣಿತವೆಲ್ಲ ಈ ಅಡಿಪಾಯದ ಮೇಲೆಯೇ ನಿಲ್ಲಬೇಕು. ಪಾಠ ಅರ್ಥವಾಗದ ಮಗುವಿಗೆ ತರಗತಿಯಲ್ಲಿ ಕೂರುವುದೇ ಹಿಂಸೆ. ಅದು ಮತ್ತೆ ರಜೆ ಹಾಕಲು ನೆಪ ಹುಡುಕುತ್ತದೆ.

ನಮ್ಮೂರಿನಲ್ಲಿ ನಷ್ಟ ಇನ್ನೊಂದೂ ಇದೆ. ಇಲ್ಲಿ ಮನೆಮಾತು ತುಳು, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ. ಕನ್ನಡ ಮಾಧ್ಯಮದಲ್ಲಿ ಓದುವ ಎಷ್ಟೋ ಮಕ್ಕಳಿಗೆ ಪಠ್ಯಪುಸ್ತಕದ ಕನ್ನಡ ಕಿವಿಗೆ ಬೀಳುವುದು ತರಗತಿಯಲ್ಲಿ ಮಾತ್ರ. ಶಾಲೆ ತಪ್ಪಿದರೆ ಆ ಭಾಷೆಯೂ ತಪ್ಪುತ್ತದೆ. ಉತ್ತರ ಗೊತ್ತಿದ್ದರೂ ಪ್ರಶ್ನೆಯೇ ಅರ್ಥವಾಗದ ಸ್ಥಿತಿ ಬರುತ್ತದೆ. ಕವಿ ಕಯ್ಯಾರ ಕಿಞ್ಞಣ್ಣ ರೈ (1915–2015) ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದ ಊರಿದು. ಕನ್ನಡ ಇಲ್ಲಿ ಉಳಿದದ್ದರಲ್ಲಿ ತರಗತಿಯ ಪಾಲು ದೊಡ್ಡದು.

ಕಾರಣ ಕೇಳಿ, ಬೈಯಬೇಡಿ

ಅಂಕ ಕಡಿಮೆಯಾಗಲು ಗೈರುಹಾಜರಿಯೊಂದೇ ಕಾರಣವಲ್ಲ. ಬಡತನವೂ ಕಾಯಿಲೆಯೂ ಎರಡು ಕಡೆಯಿಂದ ಎಳೆಯುತ್ತವೆ: ಶಾಲೆಯನ್ನೂ ತಪ್ಪಿಸುತ್ತವೆ, ಮನೆಯ ಓದನ್ನೂ ಕೆಡಿಸುತ್ತವೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ನೋವುಂಡ ಪಂಚಾಯತುಗಳಲ್ಲಿ ಬದಿಯಡ್ಕವೂ ಒಂದು. ಹಾಸಿಗೆ ಹಿಡಿದ ಅಕ್ಕನ ಬಳಿ ಕೂರಲು ಉಳಿದ ಮಗುವನ್ನು ಸೋಮಾರಿ ಎಂದು ಬೈದರೆ ಏನು ಬಂತು? ಅಂಥ ಮನೆಗೆ ಬೇಕಾದದ್ದು ನೆರವು.

ಮದುವೆಗೆ ಹೋಗಿ, ನೇಮಕ್ಕೂ ಹೋಗಿ. ಸಾಧ್ಯವಾದರೆ ಮಗುವನ್ನು ಸಂಜೆ ಕರೆದೊಯ್ಯಿರಿ. ಶಾಲೆ ತಪ್ಪಿದ ದಿನವೇ ಗೆಳೆಯರ ನೋಟ್ಸ್ ತರಿಸಿ, ಮರುದಿನ ಬಿಟ್ಟುಹೋದ ಪಾಠ ಹೇಳಿಕೊಡಲು ಮಾಷ್ಟ್ರನ್ನೋ ಟೀಚರನ್ನೋ ಕೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ತಪ್ಪಿದ ದಿನಕ್ಕೆ ಒಂದು ಗುರುತು ಹಾಕಿ. ತಿಂಗಳಲ್ಲಿ ಎರಡನೇ ಗುರುತು ಬಿದ್ದ ದಿನ ನೀವೇ ಶಾಲೆಗೆ ಹೋಗಿ ಮಾತಾಡಿ ಬನ್ನಿ.