ಏರುದಾರಿಯಲ್ಲಿ ಪುಟ್ಟ ಸ್ಕೂಟರು

(ಅತಿಥಿ ಉಪನ್ಯಾಸದ ಲಿಖಿತ ರೂಪ)

ಹ್ಯೂಸ್ಟನ್ನಿನ ಮಿತ್ರರಿಗೆ ಈ ವಿಷಯ ಅಷ್ಟಾಗಿ ರುಚಿಸಲಾರದು. ಅವರ ನಗರ ಹಪ್ಪಳದಂತೆ ಸಪಾಟು. ಡಲ್ಲಾಸಿನಲ್ಲಿಯೂ ಏರಿಳಿತಗಳು ಅಲ್ಪವೇ. ಆಸ್ಟಿನ್ನಿನ ಕಥೆ ಬೇರೆ. ಬಾಲ್ಕೋನೀಸ್ ಎಂಬ ದಿಬ್ಬಸಾಲು ಆ ಊರನ್ನು ಹಾದುಹೋಗಿದ್ದು, ಪೂರ್ವಕ್ಕೆ ಬಯಲು, ಪಶ್ಚಿಮಕ್ಕೆ ಸುಣ್ಣಕಲ್ಲಿನ ಗುಡ್ಡಗಳು ಹಬ್ಬಿವೆ. ವ್ಯಾಸಂಗಕ್ಕೆಂದು ಬಂದ ನಮ್ಮ ನಾಡಿನ ಮಕ್ಕಳು ಕಾರು ಕೊಳ್ಳುವ ಶಕ್ತಿ ಬರುವವರೆಗೆ ೫೦ ಸಿಸಿಯ ಹಳೆಯ ಸ್ಕೂಟರೊಂದನ್ನು ಇಟ್ಟುಕೊಳ್ಳುವುದುಂಟು. ೨೨೨೨ನೆಯ ರಸ್ತೆಯ ಏರಿನಲ್ಲಿ ಅದು ಏದುಸಿರು ಬಿಡುತ್ತಿರುವಾಗ ಬೆನ್ನ ಹಿಂದೆಯೇ ಪಿಕಪ್ ಟ್ರಕ್ಕು ನುಗ್ಗಿ ಬರುತ್ತಿರುತ್ತದೆ. ಹೆತ್ತವರು ಊರಿನಲ್ಲಿ ನಿಶ್ಚಿಂತರಾಗಿ ನಿದ್ರಿಸುತ್ತಿರುತ್ತಾರೆ!

ಮೊದಲು ಸ್ವಲ್ಪ ಲೆಕ್ಕ. ಸ್ಕೂಟರು ೧೦೦ ಕಿಲೋ, ಇಬ್ಬರು ಸವಾರರು ೧೪೦ ಕಿಲೋ ಎಂದಿಟ್ಟುಕೊಳ್ಳೋಣ. ನೂರು ಅಡಿಗೆ ಎಂಟು ಅಡಿ ಏರುವ ರಸ್ತೆಯಲ್ಲಿ ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿ ಸಾಗಬೇಕಾದರೆ ಭಾರವನ್ನು ಮೇಲಕ್ಕೆತ್ತುವುದಕ್ಕೇ ಸುಮಾರು ೨.೮ ಅಶ್ವಶಕ್ತಿ ಬೇಕು. ಗಾಳಿಯ ತಡೆಯನ್ನೂ ಟೈರುಗಳ ಘರ್ಷಣೆಯನ್ನೂ ಸೇರಿಸಿದರೆ ಅದು ನಾಲ್ಕನ್ನು ದಾಟುತ್ತದೆ. ೫೦ ಸಿಸಿಯ ಸಾಮಾನ್ಯ ಎಂಜಿನ್ನಿಗೆ ಅಷ್ಟು ತ್ರಾಣವಿಲ್ಲ. ಒಬ್ಬರೇ ಕುಳಿತು ವೇಗವನ್ನು ೩೦ ಕಿಲೋಮೀಟರಿಗೆ ಇಳಿಸಿದರೆ ಎರಡು ಅಶ್ವಶಕ್ತಿಯ ಆಸುಪಾಸಿನಲ್ಲೇ ಕೆಲಸವಾಗುತ್ತದೆ. ಹಿಂದಿನ ಸವಾರನನ್ನು ಇಳಿಸುವುದಕ್ಕಿಂತ ಅಗ್ಗದ ಉಪಾಯ ಮತ್ತೊಂದಿಲ್ಲ.

ನಮ್ಮ ತಲೆಮಾರಿನವರಿಗೆ ಬಜಾಜ್ ಚೇತಕ್ ನೆನಪಿರಬೇಕು. ೧೯೭೨ರಲ್ಲಿ ಬಂದ ಆ ಸ್ಕೂಟರಿನ ಎಡಹಿಡಿಯನ್ನು ತಿರುಗಿಸಿ ಗೇರು ಬದಲಿಸಬೇಕಿತ್ತು. ಆಗುಂಬೆಯ ತಿರುವುಗಳಲ್ಲಿ ಎರಡನೆಯ ಗೇರಿಗೆ ಯಾವಾಗ ಇಳಿಯಬೇಕೆಂಬುದನ್ನು ಸವಾರನ ಕಿವಿಯೇ ನಿರ್ಣಯಿಸುತ್ತಿತ್ತು. ಎಂಜಿನ್ ಗೊಣಗಿದರೆ ತಡವಾಯಿತೆಂದೇ ಅರ್ಥ. ಸೈಲೆನ್ಸರಿನಲ್ಲಿ ಮಸಿ ಕಟ್ಟಿಕೊಂಡರೆ ಮೆಕ್ಯಾನಿಕ್ಕು ಅದನ್ನು ಬೆಂಕಿಗೊಡ್ಡಿ ಶುದ್ಧಮಾಡುತ್ತಿದ್ದ. ಮರುದಿನವೇ ಸ್ಕೂಟರು ಹುರುಪಿನಿಂದ ಏರುತ್ತಿತ್ತು. ೧೯೮೪ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಗೇರು ಬದಲಿಸುವ ಕಷ್ಟ ತಪ್ಪಿತು. ಜೊತೆಗೆ ಸವಾರನ ಕಿವಿಗೆ ಇದ್ದ ಅಧಿಕಾರವೂ ತಪ್ಪಿತು. ಇಂದಿನ ಪುಟ್ಟ ಪೆಟ್ರೋಲ್ ಸ್ಕೂಟರುಗಳಲ್ಲಿ ಬಹುಪಾಲು ಇದೇ ಜಾತಿಯವು.

ಇವುಗಳಲ್ಲಿ ಗೇರಿನ ಬದಲು ಎರಡು ರಾಟೆಗಳೂ ಅವುಗಳ ನಡುವೆ ಒಂದು ಬೆಲ್ಟೂ ಇರುತ್ತವೆ. ಮುಂದಿನ ರಾಟೆಯೊಳಗೆ ಕೆಲವು ಗ್ರಾಂ ತೂಕದ ಪುಟ್ಟ ರೋಲರುಗಳಿವೆ. ಎಂಜಿನ್ ವೇಗವಾಗಿ ಸುತ್ತಿದಂತೆ ಅವು ಹೊರಕ್ಕೆ ಸರಿದು ರಾಟೆಯ ಎರಡು ಕೆನ್ನೆಗಳನ್ನು ಹತ್ತಿರ ತರುತ್ತವೆ. ಆಗ ಬೆಲ್ಟು ಮೇಲೇರುತ್ತದೆ. ಎಂದರೆ ಸ್ಕೂಟರು ದೊಡ್ಡ ಗೇರಿಗೆ ಹೋದಂತಾಯಿತು. ರೋಲರು ಭಾರವಾಗಿದ್ದರೆ ಈ ಬದಲಾವಣೆ ಬೇಗ ನಡೆದು, ಏರಿನಲ್ಲಿ ಎಂಜಿನ್ ತನ್ನ ಪೂರ್ಣ ಶಕ್ತಿ ದೊರೆಯುವ ವೇಗವನ್ನು ಮುಟ್ಟದೆ ನರಳುತ್ತದೆ. ರೋಲರುಗಳ ತೂಕವನ್ನು ತಲಾ ಅರ್ಧ ಅಥವಾ ಒಂದು ಗ್ರಾಂ ಇಳಿಸಿದರೆ ಎಂಜಿನ್ ಹೆಚ್ಚು ಸುತ್ತುತ್ತಲೇ ಏರುತ್ತದೆ. ಇದರಿಂದ ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ. ಇರುವ ಶಕ್ತಿ ಕೈಗೆ ದಕ್ಕುತ್ತದೆ, ಅಷ್ಟೆ. ಮಿತಿಮೀರಿ ಹಗುರಗೊಳಿಸಿದರೆ ಸದ್ದು ಹೆಚ್ಚಿ, ಪೆಟ್ರೋಲು ವ್ಯಯವಾಗಿ, ಎಂಜಿನ್ ಬೇಗ ಸವೆದೀತು. ಹಿಂದಿನ ರಾಟೆಯ ಸ್ಪ್ರಿಂಗನ್ನು ತುಸು ಬಿಗಿಯಾದದ್ದಕ್ಕೆ ಬದಲಿಸುವುದೂ ಇದೇ ದಾರಿಯ ಉಪಾಯ.

ಆದರೆ ಬಿಡಿಭಾಗಗಳನ್ನು ಕೊಳ್ಳುವ ಮುನ್ನ ಹಳೆಯವನ್ನು ಬಿಚ್ಚಿ ನೋಡುವುದು ವಿವೇಕ. ಒಂದು ಮಗ್ಗುಲು ಚಪ್ಪಟೆಯಾದ ರೋಲರು, ಸವೆದು ಕಿರಿದಾದ ಬೆಲ್ಟು, ಧೂಳು ತುಂಬಿದ ಏರ್ ಫಿಲ್ಟರು, ಚಕ್ರಕ್ಕೆ ಉಜ್ಜುತ್ತಿರುವ ಬ್ರೇಕು, ಗಾಳಿಯಿಳಿದ ಟೈರು: ಹಳೆಯ ಸ್ಕೂಟರಿನ ದೌರ್ಬಲ್ಯ ಬಹುಶಃ ಇವುಗಳಲ್ಲೇ ಅಡಗಿರುತ್ತದೆ. ರಾಟೆಯೊಳಗಿನ ವೇಗಮಿತಿಯ ಬಳೆಯನ್ನು ತೆಗೆದುಬಿಟ್ಟರೆ ಗುಡ್ಡ ಹತ್ತುವುದೆಂಬ ಭ್ರಮೆ ಹಲವರಲ್ಲಿದೆ. ಅದರಿಂದ ಸಮತಟ್ಟು ರಸ್ತೆಯ ವೇಗ ಹೆಚ್ಚುವುದೇ ಹೊರತು ಏರಿಗೆ ಪ್ರಯೋಜನವಿಲ್ಲ. ದೊಡ್ಡ ಸಿಲಿಂಡರು ಕೂರಿಸಿದರೆ ಶಕ್ತಿಯೇನೋ ನಿಜವಾಗಿ ಹೆಚ್ಚುತ್ತದೆ. ಆದರೆ ಟೆಕ್ಸಸ್ಸಿನ ಕಾನೂನಿನಲ್ಲಿ ೫೦ ಸಿಸಿ ದಾಟಿದ ವಾಹನ ಮೊಪೆಡ್ ವರ್ಗದಿಂದ ಹೊರಬೀಳುತ್ತದೆ. ಅಪಘಾತದ ದಿನ ವಿಮೆಯವರೊಡನೆ ಈ ತರ್ಕಕ್ಕೆ ನಿಲ್ಲುವುದು ಯಾರಿಗೂ ಬೇಡ.

ಗಾಳಿಯ ಮಾತನ್ನೂ ಹೇಳಬೇಕು. ಸುಮಾರು ೧೧೫೦ ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಆಸ್ಟಿನ್ನಿಗೆ ಅಂಥ ಎತ್ತರವಿಲ್ಲ. ಆದರೆ ಆಗಸ್ಟಿನ ೩೮ ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಗಾಳಿ ಹಿಗ್ಗಿ, ೧೫ ಡಿಗ್ರಿಯ ತಂಪುಹವೆಯಲ್ಲಿ ಇರುವುದಕ್ಕಿಂತ ನೂರಕ್ಕೆ ಏಳರಷ್ಟು ತೆಳುವಾಗುತ್ತದೆ. ಚಳಿಗಾಲದಲ್ಲಿ ಲೀಲಾಜಾಲವಾಗಿ ಏರಿದ ಸ್ಕೂಟರು ಬೇಸಗೆಯಲ್ಲಿ ಮುಷ್ಕರ ಹೂಡಿದರೆ ಮೆಕ್ಯಾನಿಕ್ಕನ್ನು ಶಂಕಿಸಬೇಡಿ.

ಏರಿದ ಮೇಲೆ ಇಳಿಯಬೇಕಷ್ಟೆ. ಬೆಲ್ಟಿನ ಸ್ಕೂಟರಿನಲ್ಲಿ ವೇಗ ತೀರ ಇಳಿದರೆ ಕ್ಲಚ್ಚು ಬಿಟ್ಟುಕೊಂಡು ಎಂಜಿನ್ನಿನ ತಡೆ ಇಲ್ಲವಾಗುತ್ತದೆ. ಚೇತಕ್ಕಿನಂತೆ ಚಿಕ್ಕ ಗೇರಿನಲ್ಲಿ ಹಿಡಿದಿಡಲಾಗದು. ಆದ್ದರಿಂದ ರೋಲರಿಗೆ ಹಣ ತೆರುವ ದಿನವೇ ಎರಡೂ ಬ್ರೇಕುಗಳ ಪಟ್ಟಿಗಳನ್ನು ಪರೀಕ್ಷಿಸಿ, ಸವೆದಿದ್ದರೆ ಮೊದಲು ಅವನ್ನೇ ಬದಲಿಸುವಂತೆ ಹೇಳಿರಿ.