ಗೇಣಿ ಗದ್ದೆಯೂ ತುರ್ತು ಪರಿಸ್ಥಿತಿಯೂ

1975ರ ಜೂನ್ 26. ಕುಂದಾಪುರದ ಕಡೆ ಆರ್ದ್ರಾ ಮಳೆಯ ಕಾಲ. ಗಂಗೊಳ್ಳಿಯ ದೋಣಿಗಳು ದಡ ಸೇರಿವೆ, ಬೈಂದೂರು, ಬ್ರಹ್ಮಾವರದ ಬಯಲುಗಳಲ್ಲಿ ನಟ್ಟಿಯ ಗಡಿಬಿಡಿ. ರೇಡಿಯೊದಲ್ಲಿ ಇಂದಿರಾ ಗಾಂಧಿಯವರ ದನಿ: ತುರ್ತು ಪರಿಸ್ಥಿತಿ ಘೋಷಣೆಯಾಗಿದೆ.

ಕಣ್ಣಿಗೆ ಕಾಣುವಂಥದ್ದೇನೂ ಬದಲಾಗಲಿಲ್ಲ. ಬದಲಾದದ್ದು ಹೋಟೆಲಿನ ಬೆಂಚಿನಲ್ಲಿ. ಒಬ್ಬರು ಪತ್ರಿಕೆ ಓದಿದರೆ ನಾಲ್ವರು ತಕರಾರು ತೆಗೆಯುತ್ತಿದ್ದ ಊರು ಇದು. ಈಗ ಪತ್ರಿಕೆಗೆ ಸೆನ್ಸಾರ್, ಓದುಗನ ಬಾಯಿಗೆ ಅವನದೇ ಬೀಗ. ಯಾರಾದರೂ ಸ್ವರ ಎತ್ತಿದರೆ ಪಕ್ಕದವರು ಮೆಲ್ಲನೆ ಮೊಣಕೈ ತಾಗಿಸುವರು: ‘ಹ್ವಾಯ್, ಸಣ್ಣಕೆ ಮಾತಾಡಿ.’ ಮೀಸಾ ಕಾಯ್ದೆಯಲ್ಲಿ ಒಳಗೆ ಹಾಕಿದರೆ ವಿಚಾರಣೆಯೂ ಇಲ್ಲ. ಶಾಲೆಯ ಮಾಸ್ತರರಿಗೆ ಪಾಠದ ಜೊತೆ ಸಂತಾನಹರಣ ಚಿಕಿತ್ಸೆಗೆ ಜನರನ್ನು ಒಪ್ಪಿಸುವ ಚಿಂತೆ. ಅವರು ಅಂಗಳಕ್ಕೆ ಬಂದರೆ ಗಂಡಸರು ಹಿಂಬಾಗಿಲಿನಿಂದ ತೋಟಕ್ಕೆ.

ಆದರೆ ಅದೇ ಅಂಗಳದಲ್ಲಿ ಇನ್ನೊಂದು ಕತೆಯೂ ನಡೆಯುತ್ತಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದಿದ್ದ ದೇವರಾಜ ಅರಸು ಸರಕಾರದ ಭೂಸುಧಾರಣೆಯಂತೆ ಗೇಣಿ ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟಿದ್ದರು. ಹುಲ್ಲಿನ ಹಗ್ಗ ಬಿಗಿದ ಅಕ್ಕಿಮುಡಿಯನ್ನು ತಲೆಮಾರುಗಳಿಂದ ಧಣಿಯ ಜಗಲಿಗೆ ಹೊತ್ತವರು, ಗದ್ದೆ ತಮ್ಮದೆಂದು ಹೇಳಲು ಭೂನ್ಯಾಯಮಂಡಳಿಯ ಮುಂದೆ ನಿಂತರು. ಒಡೆಯರೆದುರು ಅವರ ಬಾಯಿ ಮೊದಲ ಸಲ ತೆರೆದದ್ದು, ದೇಶದ ಬಾಯಿ ಮುಚ್ಚಿದ್ದ ಆ ದಿನಗಳಲ್ಲೇ. ಇದನ್ನು ಬಿಟ್ಟು ಆ ಕಾಲದ ಕತೆ ಹೇಳುವುದು ಅನ್ಯಾಯ. ಹಾಗೆಂದು ಗದ್ದೆ ಸಿಕ್ಕಿತೆಂದು ಜೈಲನ್ನು ಮರೆಯುವುದೂ ಅನ್ಯಾಯವೇ. ಉಳುವವನಿಗೆ ಹೊಲ ಕೊಡುವ ಕಾನೂನು ತುರ್ತು ಪರಿಸ್ಥಿತಿಗಿಂತ ಮೊದಲೇ ಬಂದಿತ್ತು, ಅದಕ್ಕೆ ಯಾರ ಬಾಯಿ ಕಟ್ಟುವ ಅಗತ್ಯವೂ ಇರಲಿಲ್ಲ.

ಸಣ್ಣಕೆ ಮಾತಾಡದವರೂ ಇದ್ದರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನೇ ಹಿಂದಿರುಗಿಸಿದರು.

1977ರ ಮಾರ್ಚ್‌ನಲ್ಲಿ ಚುನಾವಣೆ. ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿತು. ಆದರೆ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದಕ್ಕೇ ಕೊಟ್ಟಿತು. ಉಡುಪಿ ಕ್ಷೇತ್ರದಲ್ಲಿ ಗೆದ್ದವರು ಇಂದಿರಾ ಸಂಪುಟದಲ್ಲಿದ್ದ ಟಿ.ಎ. ಪೈ. ಹೆದರಿದ್ದ ಊರು ಹೀಗೇಕೆ ಮತ ಹಾಕಿತು? ಅಂದು ಗದ್ದೆಗಿಳಿದಿದ್ದ ಹರೆಯದವರಿಗೆ ಈಗ ಎಪ್ಪತ್ತು ದಾಟಿದೆ. ನಿಮ್ಮ ಮನೆಯ ಅಜ್ಜ, ಅಜ್ಜಿಯರನ್ನು ಈ ಮಳೆಗಾಲದಲ್ಲೇ ಕೂರಿಸಿಕೊಂಡು ಕೇಳಿ, ಹೇಳಿದ್ದನ್ನು ಬರೆದಿಡಿ.