ಗುಂಡಿ ಒತ್ತಿದ ಬಳಿಕ ಕ್ಯಾಮೆರಾ ಏನು ಮಾಡುತ್ತದೆ?

ಕಾರ್ಕಳದ ಮಿಯ್ಯಾರಿನ ಕಂಬಳಕ್ಕೆ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಹಿಡಿದು ಹೋದಿರೆಂದು ಭಾವಿಸೋಣ. ಕೋಣಗಳು ಎದುರಿಗೆ ಬಂದೊಡನೆ ಗುಂಡಿ ಒತ್ತುತ್ತೀರಿ. ಚಿತ್ರದಲ್ಲಿ ಕಾಣುವುದು ಚಿಮ್ಮಿದ ಕೆಸರುನೀರು ಮತ್ತು ಒಂದು ಬಾಲದ ತುದಿ! ಷಟರಿನ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟಿದ್ದರೂ ಹೀಗೇಕಾಯಿತು?

ಇಲ್ಲಿ ಎರಡು ಕಾಲಗಳನ್ನು ಬೇರ್ಪಡಿಸಿ ನೋಡಬೇಕು. ಸಂವೇದಕದ ಮೇಲೆ ಬೆಳಕು ಬೀಳುವ ಕಾಲ ಒಂದು. ಗುಂಡಿ ಒತ್ತಿದಂದಿನಿಂದ ಬೆಳಕು ಬೀಳತೊಡಗುವವರೆಗಿನ ಕಾಲ ಇನ್ನೊಂದು. ಮೊದಲನೆಯದು ಚಿತ್ರದ ಸ್ಪಷ್ಟತೆಯನ್ನು ನಿರ್ಧರಿಸುತ್ತದೆ. ಯಾವ ಕ್ಷಣದ ಚಿತ್ರವೆಂಬುದನ್ನು ನಿರ್ಧರಿಸುವುದು ಎರಡನೆಯದು. ಇದೇ ಷಟರ್ ವಿಳಂಬ.

ಈ ವಿಳಂಬದಲ್ಲಿ ನಡೆಯುವ ಕೆಲಸಗಳು ಹಲವು. ಮಸೂರದಿಂದ ಬಂದ ಬೆಳಕು 45 ಡಿಗ್ರಿ ಓರೆಯಾಗಿರುವ ಕನ್ನಡಿಯಿಂದ ಮೇಲಕ್ಕೆ ತಿರುಗಿ ನಮ್ಮ ಕಣ್ಣನ್ನು ಸೇರುತ್ತಿರುತ್ತದೆ. ಗುಂಡಿ ಒತ್ತಿದಾಗ ಮೊದಲು ಮಸೂರ ಸರಿದು ಬಿಂಬವನ್ನು ಸ್ಫುಟಗೊಳಿಸಬೇಕು, ಬೆಳಕಿನ ಅಳತೆಯಾಗಬೇಕು. ಬಳಿಕ ಕನ್ನಡಿ ಮೇಲೇಳಬೇಕು, ಮಸೂರದ ರಂಧ್ರ ತಕ್ಕಷ್ಟು ಕಿರಿದಾಗಬೇಕು. ಅನಂತರವೇ ಷಟರಿನ ಪರದೆ ಸರಿಯುವುದು. ಮೊದಲ ಎರಡು ಕೆಲಸಗಳು ಮುಂಚೆಯೇ ಮುಗಿದಿದ್ದರೆ, ಉಳಿದವುಗಳಿಗೆ ಉತ್ತಮ ಕ್ಯಾಮೆರಾಗಳಲ್ಲಿ ಸುಮಾರು 0.05 ಸೆಕೆಂಡು, ಸಾಮಾನ್ಯವಾದವುಗಳಲ್ಲಿ ಸುಮಾರು 0.1 ಸೆಕೆಂಡು ಸಾಕು.

ಇದು ಅಲ್ಪಕಾಲವೆನಿಸಬಹುದು. ಲೆಕ್ಕ ಮಾಡಿ ನೋಡೋಣ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರು. ಸರಾಸರಿ ವೇಗ ಸೆಕೆಂಡಿಗೆ ಸುಮಾರು 10.5 ಮೀಟರು. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಆ ಜೋಡಿ ಸರಿಯುವುದು ಒಂದೇ ಸೆಂಟಿಮೀಟರು. ಆದುದರಿಂದ ಚಿತ್ರ ಮಸುಕಾಗದು. ಆದರೆ 0.1 ಸೆಕೆಂಡಿನ ವಿಳಂಬದಲ್ಲಿ ಅದು ಒಂದು ಮೀಟರು ಮುಂದೆ ಹೋಗಿರುತ್ತದೆ. ಕಣ್ಣು ಕಂಡುದಕ್ಕೆ ಬೆರಳು ಓಗೊಡಲು ಬೇಕಾಗುವ ಸುಮಾರು 0.2 ಸೆಕೆಂಡನ್ನೂ ಕೂಡಿಸಿದರೆ ಅಂತರ ಮೂರು ಮೀಟರು! ಇದರಲ್ಲಿ ಎರಡು ಪಾಲು ತಪ್ಪು ನಮ್ಮದೇ.

ಹಾಗಾದರೆ ಉಪಾಯವೇನು? ಕರೆಯಲ್ಲಿ ಒಂದು ಗುರುತನ್ನು ಆರಿಸಿ, ಗುಂಡಿಯನ್ನು ಅರ್ಧ ಒತ್ತಿ ಬಿಂಬವನ್ನು ಮೊದಲೇ ಸ್ಫುಟಗೊಳಿಸಿಕೊಂಡು ಕಾಯಬೇಕು. ಕೋಣಗಳು ಆ ಗುರುತಿಗೆ ಇನ್ನೂ ಮೂರು ಮೀಟರು ದೂರವಿರುವಾಗಲೇ ಒತ್ತಲು ಮನಸ್ಸು ಮಾಡಬೇಕು.

ಚಿತ್ರ ಮೂಡುವಾಗ ಕನ್ನಡಿ ಮೇಲಿರುವುದರಿಂದ ನೋಡುವ ಕಿಂಡಿ ಕತ್ತಲಾಗಿರುತ್ತದೆ. ಎಂದರೆ, ಆ ಕಿಂಡಿಯಲ್ಲಿ ನಾವು ಕಂಡ ಕ್ಷಣ ಚಿತ್ರದಲ್ಲಿಲ್ಲ; ಚಿತ್ರದಲ್ಲಿರುವ ಕ್ಷಣವನ್ನು ನಾವು ಕಂಡಿಲ್ಲ. ಒಳ್ಳೆಯ ಛಾಯಾಗ್ರಾಹಕನು ಕಂಡುದನ್ನಲ್ಲ, ಮುಂದೆ ಕಾಣಲಿರುವುದನ್ನು ಊಹಿಸಿ ಗುಂಡಿ ಒತ್ತುತ್ತಾನೆ.